ಕಣದಲ್ಲಿ ಕೂಡಿದ ಕಾಲು

ಆ ವರ್ಷ ನನ್ನ ಕಾಲು ಸೊಟ್ಟಗೆ ಕೂಡಿಕೊಂಡದ್ದು ದೇವರ ಆಟವಲ್ಲ, ಯಾರ ಕಣ್ಣು ತಾಗಿಯೂ ಅಲ್ಲ. ನಮ್ಮ ಮನೆಯವರು ಒಂದು ಕೋಳಿಮೊಟ್ಟೆಗೆ ಹೆದರಿದರು, ಅಷ್ಟೆ. ಊರಿನವರು ಆಮೇಲೆ ಅದಕ್ಕೆ ಬೇಕಾದಷ್ಟು ಕಥೆ ಕಟ್ಟಿದರು. ನಾನು ಬಿದ್ದ ಅಟ್ಟಣೆಯ ಮರದಲ್ಲಿ ಏನೋ ಇತ್ತು ಅಂದರು. ನನ್ನ ಮದುವೆಯಲ್ಲಿ ಅರಿಶಿನದ ಬಟ್ಟಲು ಚೆಲ್ಲಿತ್ತು ಅಂದರು. ಚೆಲ್ಲಿದ್ದು ನಿಜ. ಆದರೆ ಅರಿಶಿನ ಚೆಲ್ಲಿದರೆ ಸೀರೆ ಹಳದಿಯಾಗುತ್ತದೆ, ಕಾಲು ಸೊಟ್ಟಗಾಗುವುದಿಲ್ಲ.

ಮೊನ್ನೆ ನನ್ನ ಮೊಮ್ಮಗಳು ದೋಸೆಗೆ ರುಬ್ಬಿದ ಹಿಟ್ಟನ್ನು ಒಲೆಯ ಪಕ್ಕದಲ್ಲಿ ಮರೆತುಬಿಟ್ಟಿದ್ದಳು. ಮಾರನೆಯ ದಿನ ಸಂಜೆ ಮುಚ್ಚಳ ತೆಗೆದರೆ ಹುಳಿತ ಉದ್ದಿನ ವಾಸನೆ ಅಡುಗೆಮನೆಯಿಂದ ಜಗಲಿಯವರೆಗೂ ಬಂತು. ಬಂದ ಕೂಡಲೇ ನನ್ನ ಬಲಗಾಲು ಮೊಣಕಾಲಿನ ಕೆಳಗೆ ಕೆರೆಯಲು ಶುರುವಾಯಿತು. ಮೊಮ್ಮಗಳು ಹಿಟ್ಟನ್ನು ಚೆಲ್ಲಿ ಪಾತ್ರೆ ತೊಳೆದಳು. ನಾನು ಕಾಲು ಕೆರೆದುಕೊಳ್ಳುತ್ತಾ ಕುಳಿತೆ. ಕೆರೆತ ನಿಲ್ಲಲಿಲ್ಲ. ಅದಕ್ಕೇ ಇದನ್ನು ಹೇಳಿ, ಮೊಮ್ಮಗಳ ಕೈಯಲ್ಲಿ ಬರೆಸಿ ಮುಗಿಸುತ್ತೇನೆ.

ನಮ್ಮದು ತಾಳವಾಡಿ ಬೆಟ್ಟದ ತಿಗನಾರೆ. ಇಸವಿ ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ ಇರಬೇಕು, ನಾನು ಆ ಮನೆಗೆ ಸೊಸೆಯಾಗಿ ಬಂದು ಮೂರು ವರ್ಷವಾಗಿತ್ತು. ಇನ್ನೂ ಮಗುವಾಗಿರಲಿಲ್ಲ. ಮಾವನವರು ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮನೆ ನಡೆಸುತ್ತಿದ್ದವರು ಅತ್ತೆ. ಅವರ ದೊಡ್ಡ ಮಗ ನನ್ನ ಗಂಡ, ಮಾತು ಕಡಿಮೆ. ಎಷ್ಟು ಕಡಿಮೆ ಎಂದರೆ ಎತ್ತುಗಳು ಕೂಡ ಅವರ ದನಿಗಿಂತ ಅವರ ಕೆಮ್ಮನ್ನೇ ಹೆಚ್ಚು ಗುರುತು ಹಿಡಿಯುತ್ತಿದ್ದವು. ಚಿಕ್ಕ ಮಗ ಮಾದೇವ, ನನ್ನ ಮೈದುನ. ಇಬ್ಬರ ಪಾಲಿನ ಮಾತನ್ನೂ ಅವನೇ ಆಡುತ್ತಿದ್ದ.

ಶ್ರಾವಣದಲ್ಲಿ ಜೋಳ ತೆನೆ ಕಟ್ಟಿತ್ತು. ರಾತ್ರಿ ಆನೆಗೆ, ಹಂದಿಗೆ ಗಂಡಸರ ಕಾವಲು. ಹಗಲು ಗಿಳಿಗೆ ಹೆಂಗಸರ ಕಾವಲು. ಮರದ ಮೇಲೆ ಕಟ್ಟಿದ ಅಟ್ಟಣೆಯಲ್ಲಿ ಕುಳಿತು ತಗಡು ಬಡಿದು ಕೂಗುವುದು ನನ್ನ ಕೆಲಸ. ಮಳೆಯಲ್ಲಿ ಏಣಿಗೆ ಪಾಚಿ ಹಿಡಿದಿತ್ತು. ಮಧ್ಯಾಹ್ನ ಇಳಿಯುವಾಗ ಕಾಲು ಜಾರಿತು. ಮೂಳೆ ಲಟ್ ಎಂದದ್ದು ನನಗೇ ಕೇಳಿಸಿತು. ಗಿಳಿಗಳಿಗೂ ಕೇಳಿಸಿರಬೇಕು, ಒಂದೇ ಸಲಕ್ಕೆ ಎದ್ದು ಹಾರಿದವು. ಬೆಳಗಿನಿಂದ ತಗಡು ಬಡಿದಾಗ ಏಳದೆ ಇದ್ದವು ಅವೇ.

ಕಂಬಳಿಯಲ್ಲಿ ಹೊತ್ತು ತಂದರು. ಆಸ್ಪತ್ರೆಗೆ ಹೋಗಬೇಕೆಂದರೆ ದಿಂಬಂ ಘಾಟಿ ಇಳಿದು ಸತ್ಯಮಂಗಲಕ್ಕೆ ಹೋಗಬೇಕು. ಅಲ್ಲಿಗೆ ಹೋದರೆ ಕಾಲು ಕತ್ತರಿಸುತ್ತಾರೆ ಎಂದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಕತ್ತರಿಸಿಕೊಂಡು ಬಂದವರನ್ನು ಮಾತ್ರ ಯಾರೂ ನೋಡಿರಲಿಲ್ಲ. ಹಾಗಾಗಿ ತಾಳವಾಡಿ ಕಡೆಯಿಂದ ಮೂಳೆ ಕಟ್ಟುವ ಕಾಳಯ್ಯನನ್ನು ಕರೆಸಿದರು. ಹಲ್ಲಿಲ್ಲದ ಮುದುಕ, ಕೈ ಮಾತ್ರ ಇಕ್ಕಳದಂಥದ್ದು. ಕಾಲನ್ನು ಎಳೆದು ಕೂಡಿಸಿ, ಬಿದಿರಿನ ದಬ್ಬೆ ಇಟ್ಟು ಅಳತೆ ನೋಡಿ ಅತ್ತೆಯ ಕಡೆ ತಿರುಗಿದ.

"ನಾಟಿಕೋಳಿ ಮೊಟ್ಟೆ ಬೇಕು ಕಣವ್ವ. ಅದರ ಬಿಳಿ ಲೋಳೇನ ಉದ್ದಿನಿಟ್ಟಿಗೆ ಕಲ್ಸಿ ಮೆತ್ತುದ್ರೆ ಕಲ್ಲಾಯ್ತದ. ಅಳ್ಳಾಡ್ದಂಗೆ ಇಡ್ಕತದ."

"ಮೊಟ್ಟೆನಾ? ಲಿಂಗ ಕಟ್ಟಿರೋ ಮನೆ ಒಳಕ್ಕಾ? ನಿಂಗೆ ಬುದ್ಧಿ ಅದಾ ಕಾಳಯ್ಯ?"

"ತಿನ್ನಕ್ಕಲ್ಲ ಕಣವ್ವ, ಮೆತ್ತಕ್ಕೆ."

"ಬಾಯ್ಗಾದ್ರೇನು, ಕಾಲ್ಗಾದ್ರೇನು? ಒಸ್ಲು ದಾಟಿ ಒಳಕ್ಕೆ ಬರ್ಬಾರ್ದು, ಅಷ್ಟೇಯ."

"ಬರೀ ನೀರಲ್ಲಿ ಕಲ್ಸುದ್ರೆ ಮಳೆಗಾಲದಲ್ಲಿ ನಿಲ್ಲದಿಲ್ಲ. ಆಮೇಕೆ ನನ್ನ ಬೈಬ್ಯಾಡಿ ಮತ್ತೆ."

ನಾನು ಗಂಡನ ಮುಖ ನೋಡಿದೆ. ಅವರು ಸೂರಿನಿಂದ ಬೀಳುವ ನೀರನ್ನು ನೋಡುತ್ತಿದ್ದರು. ಕಾಳಯ್ಯ ನೀರಿನಲ್ಲೇ ಹಿಟ್ಟು ಕಲಸಿ ಕಟ್ಟಿದ. ಹೋಗುವಾಗ ನನ್ನ ತಲೆಯ ಮೇಲೆ ಕೈಯಿಟ್ಟ. ಅದು ಆಶೀರ್ವಾದದ ಹಾಗೆ ಇರಲಿಲ್ಲ, 'ಅಯ್ಯೋ ಪಾಪ' ಅಂದ ಹಾಗಿತ್ತು.

ಆತ ಹೇಳಿದಂತೆಯೇ ಆಯಿತು. ಮಳೆ ಬಿಡಲಿಲ್ಲ. ಹಿಟ್ಟು ಒಣಗಲಿಲ್ಲ, ಹುಳಿಯಿತು. ಮೊದಲು ಇರುವೆ ಬಂತು. ಆಮೇಲೆ ವಾಸನೆ. ಮನೆಗೆ ಬಂದವರು ಮೂಗು ಮುಚ್ಚಿಕೊಂಡೇ ನನ್ನ ಯೋಗಕ್ಷೇಮ ವಿಚಾರಿಸುತ್ತಿದ್ದರು. ಅತ್ತೆಗೆ ತಡೆಯಲಾಗಲಿಲ್ಲ. ಒಂದು ಸೋಮವಾರ, ಪೂಜೆಗೆ ಐನೋರು ಬರುವ ದಿನ, "ಮನೆಯೆಲ್ಲ ನಾರ್ತದ" ಎಂದು ತಾವೇ ಕಟ್ಟು ಬಿಚ್ಚಿ, ಬಿಸಿನೀರಿನಲ್ಲಿ ಕಾಲು ತೊಳೆದು, ಹಳೇ ಸೀರೆಯ ಪಟ್ಟಿಯಲ್ಲಿ ಮತ್ತೆ ಸುತ್ತಿದರು. ಚೆನ್ನಾಗಿಯೇ ತೊಳೆದರು. ತೊಳೆಯುವಾಗ ನನ್ನ ಪಾದ ಹೊರಗಡೆಗೆ ವಾಲಿತು. ವಾಲಿದಂತೆಯೇ ಸುತ್ತಿದರು. ಅದು ಹಾಗೆಯೇ ಕೂಡಿಕೊಂಡಿತು.

ಅಲ್ಲಿಂದ ನನ್ನ ಜಗಲಿವಾಸ. ಒಳಗೆ ಕತ್ತಲೆ, ಜಾಗವೂ ಕಡಿಮೆ ಎಂದು ಜಗಲಿಯಲ್ಲೇ ಚಾಪೆ ಹಾಕಿದ್ದರು. ಎದುರಿಗೆ ಕಣ. ಒಕ್ಕಣೆ ಬರುವತನಕ ಅದು ಖಾಲಿ ಜಾಗ. ಅದರಾಚೆ ರಸ್ತೆ. ಅದರಾಚೆ ನಮ್ಮ ರಾಗಿ ಹೊಲ, ಅದರಾಚೆ ಕಾಡು. ಎಲ್ಲವೂ ಕಾಣುತ್ತಿತ್ತು, ಯಾವುದಕ್ಕೂ ಕಾಲಿಡುವ ಹಾಗಿರಲಿಲ್ಲ. ನೋವನ್ನು ಸಹಿಸಬಹುದು. ಹಿತ್ತಲಿಗೆ ಹೋಗಬೇಕೆಂದರೂ ಇನ್ನೊಬ್ಬರು ಬಂದು ಎತ್ತುವವರೆಗೆ ಕಾಯುವುದಿದೆಯಲ್ಲ, ಅದು ಜೈಲು. ನಾನು ನೀರು ಕುಡಿಯುವುದನ್ನೇ ಬಿಟ್ಟೆ. ತುಟಿ ಒಡೆಯಿತು. "ಜ್ವರ ಇರ್ಬೇಕು" ಎಂದು ಅತ್ತೆ ಕಷಾಯ ಮಾಡಿಕೊಟ್ಟರು. ಅದೂ ನೀರೇ ಎಂದು ಅದನ್ನೂ ಚೆಲ್ಲಿದೆ.

ರಾಗಿ ಕಳೆ ಕೀಳುವ ಹೊತ್ತಿಗೆ ಹಾಸನೂರಿನಿಂದ ರತ್ನ ಬಂದಳು. ಅತ್ತೆಯ ಅಣ್ಣನ ಮಗಳು. ಎಂಟನೆಯ ಕ್ಲಾಸಿನವರೆಗೆ ಓದಿದವಳು, ಇಪ್ಪತ್ತರ ಆಸುಪಾಸು. "ಕೈಗೆಲ್ಸಕ್ಕೆ ಕರ್ಸಿವ್ನಿ, ನಿಂಗೂ ಆಸರೆಯಾಯ್ತದ" ಎಂದರು ಅತ್ತೆ. ಬಸ್ಸಿನಿಂದ ಅವಳ ಜೊತೆಗೆ ಒಂದು ತಗಡಿನ ಟ್ರಂಕೂ ಇಳಿಯಿತು. ಕೈಗೆಲಸಕ್ಕೆ ಬರುವವಳು ಬಟ್ಟೆಗಂಟು ತರುತ್ತಾಳೆ, ಟ್ರಂಕು ತರುವುದಿಲ್ಲ. ನನಗೆ ಯಾರೂ ಏನೂ ಹೇಳುವ ಅಗತ್ಯ ಬೀಳಲಿಲ್ಲ. ನನ್ನ ಗಂಡನಿಗೆ ಸೋದರಮಾವನ ಮಗಳು, ಕೇಳುವ ಹಕ್ಕಿದ್ದ ಹೆಣ್ಣು. ನನ್ನನ್ನು ತರುವ ಮೊದಲೇ ಆ ಮಾತು ಒಮ್ಮೆ ಎದ್ದಿತ್ತಂತೆ.

ಮಾದೇವನ ಹತ್ತಿರ ಒಂದು ಟ್ರಾನ್ಸಿಸ್ಟರ್ ಇತ್ತು. ಅತ್ತಿಗೆಗೆ ಹೊತ್ತು ಹೋಗಲಿ ಎಂದು ಜಗಲಿಯ ಕಂಬಕ್ಕೆ ನೇತುಹಾಕಿದ. ಬೆಳಿಗ್ಗೆ ಮೈಸೂರು ಕಡೆಯ ಹಾಡು, ಸಂಜೆ ತಮಿಳು. ಕೆಲವು ಭಾನುವಾರ ಒಂದು ಸಿನಿಮಾದ ಮಾತು, ಹಾಡು, ಅಳು ಎಲ್ಲವನ್ನೂ ರೇಡಿಯೊದಲ್ಲೇ ಹಾಕುತ್ತಿದ್ದರು. ಆಗ ಅತ್ತೆಯೂ ಬಂದು ಕೂರುತ್ತಿದ್ದರು. ಒಂದು ಸಿನಿಮಾದಲ್ಲಿ ಸೊಸೆಯನ್ನು ಮನೆಯಿಂದ ಹೊರಗೆ ಹಾಕುತ್ತಾರೆ. ಅವಳು ಅತ್ತಳು ನೋಡಿ, ಅತ್ತೆ ಕಣ್ಣೊರೆಸಿಕೊಂಡರು. "ಪಾಪ, ಎಂಥಾ ಸೊಸೆನ ಕಳ್ಕತಾವ್ಳೆ ಆ ಮುಂಡೆ" ಅಂದರು.

ಇದೇ ಸಮಯ ಎಂದು ನಾನೂ ಅಳಲು ಶುರುಮಾಡಿದೆ. ಸುಳ್ಳು ಅಳುವಲ್ಲ, ಹೊಟ್ಟೆಯಲ್ಲಿ ಬೇಕಾದಷ್ಟು ಇತ್ತು. ಅತ್ತೆ ಎದ್ದು ಒಳಗೆ ಹೋಗಿ ಮೊರ ತಂದು ನನ್ನ ತೊಡೆಯ ಮೇಲಿಟ್ಟರು. "ಅಳದಾದ್ರೆ ಅಕ್ಕಿ ಆರುಸ್ಕಂಡು ಅಳು ಮ್ಮಿ. ಸುಮ್ನೆ ಕುಂತ್ಕಂಡ್ ಅಳ್ಬ್ಯಾಡ."

ಅಳು ಕೆಲಸ ಮಾಡಬೇಕಾದರೆ ಹಿಂದೆ ಪಿಟೀಲು ಬಾರಿಸುವವರು ಇರಬೇಕು. ಸಿನಿಮಾದಿಂದ ನಾನು ಕಲಿತದ್ದು ಇಷ್ಟೇ. ಇಂದಿಗೂ ಸಾಕಾಗುವಷ್ಟಿದೆ.

ರತ್ನ ಕೆಲಸದಲ್ಲಿ ಚುರುಕು. ಮೊದಮೊದಲು ನಾನು ಅವಳ ಜೊತೆ ಮಾತಾಡಲಿಲ್ಲ. ಅವಳು ನನ್ನನ್ನು ಎತ್ತಿ ಹಿತ್ತಲಿಗೆ ಕರೆದೊಯ್ಯುವಾಗಲೂ ಮುಖ ತಿರುಗಿಸಿಕೊಂಡಿರುತ್ತಿದ್ದೆ. ಅವಳಿಗೆ ಒಂದು ಚಟ. ಅಂಗಡಿಯಿಂದ ಬೆಲ್ಲ, ಕಡಲೆ ಕಟ್ಟಿ ತಂದ ಕಾಗದವನ್ನು ಎಸೆಯುತ್ತಿರಲಿಲ್ಲ. ನೀಟಾಗಿ ಬಿಡಿಸಿ, ಜಗಲಿಯ ಮೆಟ್ಟಿಲ ಮೇಲೆ ಕುಳಿತು ಗಟ್ಟಿಯಾಗಿ ಓದುತ್ತಿದ್ದಳು. ನನಗೆ ಕೇಳಿಸಲೆಂದೋ, ತನಗೇ ಎಂದೋ ಗೊತ್ತಿಲ್ಲ. ನಾನು ಎರಡನೆಯ ಕ್ಲಾಸಿಗೇ ಬಿಟ್ಟವಳು, ಅಕ್ಷರ ಕೂಡಿಸುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಒಂದು ಸಲ ಬೆಲ್ಲದ ಕಾಗದದಲ್ಲಿ ಒಂದು ಕಥೆ. ಹುಡುಗಿಯೊಬ್ಬಳು ಕೆರೆಯ ಏರಿಯ ಮೇಲೆ ನಿಂತಿದ್ದಾಳೆ, ಹಿಂದಿನಿಂದ ಯಾರೋ ಬರುತ್ತಿದ್ದಾರೆ. ಅಷ್ಟಕ್ಕೆ ಕಾಗದ ಹರಿದಿತ್ತು.

"ಆಮೇಕೆ?" ಅಂದೆ. ಅವಳ ಜೊತೆ ನಾನು ಆಡಿದ ಮೊದಲ ಮಾತು ಅದು.

ಅವಳು ಕಾಗದ ತಿರುಗಿಸಿ ನೋಡಿದಳು. "ಇಂದ್ಗಡೆ ಗೊಬ್ಬರದ ವಿಸ್ಯ ಅದ ಅಕ್ಕ."

"ಅಂಗಾರೆ ಅವ್ಳು ಗೊಬ್ಬರ ಆಕುದ್ಲು ಅಂತ ಇಟ್ಕ."

ಅವಳು ನಕ್ಕಳು. ನಗುತ್ತಾ ನಗುತ್ತಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ನೋಡಿದರೆ ಅದು ನಗುವಾಗಿರಲಿಲ್ಲ.

"ನಂಗೆ ಇಷ್ಟ ಇಲ್ಲ ಅಕ್ಕ. ಬಾವನ ಮ್ಯಾಲೆ ಕ್ವಾಪ ಇಲ್ಲ. ಆದ್ರೆ ನೀನು ಇಲ್ಲಿ ಬಿದ್ದಿರದ ನೋಡ್ಕಂಡು ನಾನು ಒಳಗೆ ಎಂಗೆ..."

"ನಂಗ್ಯಾಕೆ ಏಳ್ತಿಯೆ? ನಿಮ್ಮತ್ತೆಗೆ ಏಳು."

"ಏಳುದ್ರೆ ಅಪ್ಪ ಸಿಗ್ದಾಕ್ತನ. ಇಲ್ಲಿ ಕೆಲ್ಸ ಇರೋಗಂಟ ನನ್ನ ಊರಿಗೆ ಸೇರ್ಸದಿಲ್ಲ ಅಂದವ್ನೆ."

ಆಗ ನನಗೆ ತಿಳಿಯಿತು, ಜಗಲಿಯ ಮೇಲೆ ಒಬ್ಬಳು ಸಿಕ್ಕಿಕೊಂಡಿದ್ದರೆ ಒಳಗೆ ಇನ್ನೊಬ್ಬಳು ಸಿಕ್ಕಿಕೊಂಡಿದ್ದಾಳೆ. ಅವಳಿಗೆ ಎರಡು ಕಾಲೂ ನೆಟ್ಟಗಿದ್ದವು, ಹೋಗಲು ಮಾತ್ರ ದಾರಿಯಿರಲಿಲ್ಲ. ಅವಳ ಮೇಲೆ ಕರುಣೆ ಬಂತು ಎಂದು ಹೇಳುವುದಿಲ್ಲ. ಅವಳು ಹೋದರೆ ನನಗೇ ಒಳ್ಳೆಯದು ಎಂಬುದು ಮೊದಲು ತಲೆಗೆ ಬಂತು. ಕರುಣೆ ಅದರ ಹಿಂದೆ ನಿಧಾನವಾಗಿ ಬಂತು.

ಸಂಜೆ ಮಳೆ ಬಿಟ್ಟರೆ ಊರಿನ ಹುಡುಗರು ನಮ್ಮ ಕಣದಲ್ಲಿ ಕಬಡ್ಡಿ ಆಡುತ್ತಿದ್ದರು. ಹಾಸನೂರಿನವರ ಜೊತೆ ಪಂದ್ಯ ಇಟ್ಟುಕೊಂಡಿದ್ದರು. ನನಗೆ ಬೇರೆ ಏನೂ ನೋಡಲು ಇಲ್ಲದ್ದರಿಂದ ಅದನ್ನೇ ನೋಡಿದೆ. ಮೊದಲು ಗೊಬ್ಬರದ ಗುಂಡಿಯಲ್ಲಿ ಹಂದಿ ಹೊರಳಾಡಿದಂತೆ ಕಾಣುತ್ತಿತ್ತು. ನೋಡುತ್ತಾ ನೋಡುತ್ತಾ ಅದರೊಳಗೆ ಒಂದು ಲೆಕ್ಕಾಚಾರ ಇದೆ ಅನ್ನಿಸಿತು.

ಮಾದೇವ ಸಣಕಲ. ದಪ್ಪಗಿರುವವರು ಅವನನ್ನು ಹಿಡಿದರೆ ಕೊಸರಾಡುತ್ತಿರಲಿಲ್ಲ. ಕೊಸರಾಡುವವನನ್ನು ಇನ್ನೂ ಬಿಗಿಯಾಗಿ ಅದುಮುತ್ತಾರೆ. ಇವನು ಹಿಡಿದ ಕೂಡಲೇ ಒದ್ದೆ ಬಟ್ಟೆಯಂತೆ ಬೀಳುತ್ತಿದ್ದ. ಬಾಯಲ್ಲಿ ಮಾತ್ರ ಕಬಡ್ಡಿ ಕಬಡ್ಡಿ ಸಣ್ಣಗೆ ನಡೆಯುತ್ತಲೇ ಇರುತ್ತಿತ್ತು. ಸತ್ತ ಎಂದುಕೊಂಡು ಹಿಡಿದವರ ಕೈ ಸಡಿಲವಾಗುತ್ತಿದ್ದಂತೆ ಒಂದೇ ಜಿಗಿತ, ಬೆರಳತುದಿ ಗೆರೆಗೆ.

"ಮೋಸ ಕಣ್ಲಾ!" ಎಂದು ಅವರು ಕೂಗುತ್ತಿದ್ದರು.

"ಉಸ್ರು ಇತ್ತು ಕಣ್ಲಾ, ನೀವು ಕೇಳ್ನಿಲ್ಲ!" ಎಂದು ಇವನು ಮಣ್ಣು ಉಗುಳುತ್ತಿದ್ದ.

ಅದನ್ನು ನೋಡಿದ ಮೇಲೆ ನಾನು ಅತ್ತೆಯ ಜೊತೆ ಜಗಳ ನಿಲ್ಲಿಸಿದೆ. ಅದುವರೆಗೆ ದಿನವೂ ಏನಾದರೊಂದಕ್ಕೆ ಎದುರಾಡುತ್ತಿದ್ದೆ, ಅವರು ದಿನವೂ ಇನ್ನಷ್ಟು ಗಟ್ಟಿಯಾಗುತ್ತಿದ್ದರು. ಈಗ ಎಲ್ಲದಕ್ಕೂ ಹೂಂ ಅಂದೆ. ಒಂದು ದಿನ ಅವರು ನನ್ನ ಹತ್ತಿರ ಕುಳಿತು ಎಲೆಗೆ ಸುಣ್ಣ ಸವರುತ್ತಾ ವಿಷಯ ತೆಗೆದರು.

"ಒಕ್ಕಣೆ ಮುಗುದ್ ಮ್ಯಾಲೆ ರತ್ನುನ್ ಕೊಳ್ಳಿಗೆ ತಾಳಿ ಕಟ್ಸಣ ಅಂತ. ನಿನ್ನೇನು ಆಚೆಗೆ ಆಕದಿಲ್ಲ ಕಮ್ಮಿ. ಜಗ್ಲಿ ಇದ್ದೇ ಅದ. ಮುದ್ದೆಗೆ ಬರ ಇಲ್ಲ."

ಜಗಲಿ ಇದ್ದೇ ಇದೆ. ಸಾಯುವವರೆಗೂ ಜಗಲಿ. ಆ ಮಾತು ಏಣಿಯಿಂದ ಬಿದ್ದದ್ದಕ್ಕಿಂತ ಹೆಚ್ಚು ನೋಯಿಸಿತು. ಆದರೂ "ಆಗ್ಲಿ ಅತ್ತೆ, ನಂಗೂ ಒಬ್ಳು ಜೊತೆಯಾಯ್ತಳೆ" ಅಂದೆ. ಅತ್ತೆ ನನ್ನ ಮುಖವನ್ನೇ ಒಂದಿಷ್ಟು ಹೊತ್ತು ನೋಡಿದರು. ಆಮೇಲೆ ತಾವು ಮಡಿಸಿದ ಎಲೆಯನ್ನು ನನಗೇ ಕೊಟ್ಟರು. ಅಂದಿನಿಂದ ನನ್ನ ಮೇಲೆ ಕಣ್ಣಿಡುವುದು ಕಡಿಮೆಯಾಯಿತು.

ಮಹಾನವಮಿ ಕಳೆದ ಮೇಲೆ ಒಂದು ಸಂಜೆ ಆಟದಲ್ಲಿ ಮಾದೇವನ ಬೆರಳು ಬುಡದಿಂದ ತಿರುಗಿತು. ಕಾಳಯ್ಯ ನಮ್ಮೂರಿಗೇ ಇನ್ನಾರದೋ ಎತ್ತಿನ ಕಾಲು ನೋಡಲು ಬಂದಿದ್ದ. ಕರೆದುಕೊಂಡು ಬಂದರು. ಅವನು ಬೆರಳನ್ನು ಎಳೆದು ಟಕ್ಕನೆ ಕೂರಿಸಿದ. ಮಾದೇವ ಊರು ಕೇಳುವಂತೆ ಕೂಗಿದ. ಅತ್ತೆ ಕಾಳಯ್ಯನಿಗೆ ಮಜ್ಜಿಗೆ ತರಲು ಒಳಗೆ ಹೋದರು. ಮೊದಲಾಗಿದ್ದರೆ ಅವನನ್ನು ನನ್ನ ಹತ್ತಿರ ಬಿಟ್ಟು ಹೋಗುತ್ತಿರಲಿಲ್ಲ.

ಕಾಳಯ್ಯ ನನ್ನ ಕಾಲು ನೋಡಿದ. ಹೆಬ್ಬೆರಳಿನಿಂದ ಮೂಳೆಯ ಉದ್ದಕ್ಕೂ ಒತ್ತಿದ.

"ಯಾರು ಬಿಚ್ಚಿದ್ದು ಇದ?"

ನಾನು ಬಾಗಿಲ ಕಡೆ ನೋಡಿದೆ. ಅವನಿಗೆ ಗೊತ್ತಾಯಿತು.

"ಇನ್ನೂ ಎಳೇ ಗಂಟು ಕಣವ್ವ. ಈಗ ಮುರುದ್ರೆ ತಿರ್ಗ ನೆಟ್ಟಗೆ ಕೂಡುಸ್ಬೋದು. ರಾಗಿ ಕುಯ್ಲುಗಂಟ ಬುಟ್ರೆ ಬೆಟ್ಟದಿಂದ ಮಾದಪ್ಪನೇ ಇಳ್ದು ಬಂದ್ರೂ ಆಗದಿಲ್ಲ."

"ಮುರೀಬೇಕಾ?"

"ಮುರೀಬೇಕು."

"ನಾಳಿದ್ದು ಬನ್ನಿ. ಮನೆಗೆ ಬ್ಯಾಡ, ಕಣಕ್ಕೆ ಬನ್ನಿ. ಆಟ ಆಡೋ ವೊತ್ಗೆ. ಮೊಟ್ಟೆನೂ ನೀವೇ ತನ್ನಿ."

ಅವನು ಹಲ್ಲಿಲ್ಲದ ಬಾಯಿ ತೆರೆದು ಏನೋ ಹೇಳಲು ಹೊರಟ. ಅಷ್ಟರಲ್ಲಿ ಅತ್ತೆ ಮಜ್ಜಿಗೆ ತಂದರು. ಕುಡಿದು ಹೋದ.

ಆ ಎರಡು ದಿನ ನಾನು ಹೆದರಿದೆ. ಧೈರ್ಯವಾಗಿದ್ದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೂಳೆ ಲಟ್ ಎಂದ ಸದ್ದು ಕಿವಿಯಲ್ಲೇ ಇತ್ತು. ಅದನ್ನು ಮತ್ತೆ ಕೇಳಬೇಕು, ನಾನೇ ಕರೆಸಿ ಕೇಳಬೇಕು. ಬೇಡ ಎಂದು ಹೇಳಿ ಕಳಿಸೋಣ ಎಂದು ಹಲವು ಸಲ ಅನ್ನಿಸಿತು. ಗುಟ್ಟು ಬಿಟ್ಟುಕೊಡದೆ ಹೇಳಿ ಕಳಿಸಲು ಯಾರೂ ಇರಲಿಲ್ಲ, ಅದೇ ಉಪಕಾರವಾಯಿತು.

ನಾಳಿದ್ದು ಬಂತು. ಬಿಸಿಲು ಇಳಿಯುತ್ತಿತ್ತು. ಕಣದಲ್ಲಿ ಹುಡುಗರು ಗೆರೆ ಎಳೆಯುತ್ತಿದ್ದರು. ಕಾಳಯ್ಯ ಚೀಲ ಹಿಡಿದು ರಸ್ತೆಯ ಕಡೆಯಿಂದ ಬಂದು ಹುಣಸೆಮರದ ಕೆಳಗೆ ಕುಳಿತ, ಆಟ ನೋಡುವವನಂತೆ. ನಾನು ಜಗಲಿಯಿಂದ ಕುಂಡೆಯ ಮೇಲೆ ಜಾರಿದೆ. ಒಂದು ಮೆಟ್ಟಿಲು, ಇನ್ನೊಂದು ಮೆಟ್ಟಿಲು, ಆಮೇಲೆ ಕೆಸರು. ಕೈಯೂರಿ ಹಿಮ್ಮುಖವಾಗಿ ಎಳೆದುಕೊಂಡು ಹೊರಟೆ. ಹುಡುಗರು ಆಟ ನಿಲ್ಲಿಸಿದರು. ರತ್ನ ಓಡಿಬಂದು ಕಂಕುಳಿಗೆ ಕೈ ಹಾಕಿದಳು.

"ಎಲ್ಲಿಗೆ ಅಕ್ಕ? ಇತ್ಲು ಮನೆ ಇಂದ್ಗಡೆ ಅಲ್ವಾ."

"ಇತ್ಲಿಗಲ್ಲ. ಕಣಕ್ಕೆ. ಎಳಿ."

ಅವಳು ಏನೂ ಕೇಳದೆ ಎಳೆದಳು. ಕಣದ ನಡುವೆ ಕೂರಿಸಿದ ಮೇಲೆ ಕಾಳಯ್ಯ ಚೀಲ ಬಿಚ್ಚಿದ. ಬಿದಿರಿನ ದಬ್ಬೆ, ಬಟ್ಟೆ, ಉದ್ದಿನ ಹಿಟ್ಟಿನ ಗಂಟು, ರಾಗಿ ಹೊಟ್ಟಿನಲ್ಲಿ ಹೂತಿಟ್ಟ ಮೊಟ್ಟೆಗಳು. ಮೊಟ್ಟೆ ನೋಡಿದ್ದೇ ತಡ, ಹೊಸ್ತಿಲ ಹತ್ತಿರ ನಿಂತಿದ್ದ ಅತ್ತೆ ಸೀರೆ ಎತ್ತಿಕೊಂಡು ಓಡಿಬಂದರು.

"ಏನ್ ಮಾಡಕ್ಕೊಂಟಿದ್ದಿಯೇ ಅಲ್ಕಾ ಮುಂಡೆ! ನನ್ ಮನೆ ಮರ್ವಾದಿ ತೆಗಿಯಕ್ಕೇ ಉಟ್ಟಿದಿಯಾ?"

"ಒಸ್ಲು ದಾಟ್ಬಾರ್ದು ಅಂದಿದ್ರಿ ಅತ್ತೆ. ದಾಟಿಲ್ಲ. ಇದು ಕಣ."

"ಕಾಳಯ್ಯ, ಎದ್ದೋಗು! ನಿನ್ ಕೈ ಸೇದೋಗ!"

ಕಾಳಯ್ಯ ಏಳಲಿಲ್ಲ. "ಇಡ್ಕಳಕ್ಕೆ ಜನ ಬೇಕು" ಅಂದ ಅಷ್ಟೆ.

ಕಬಡ್ಡಿ ಆಡುವವರಿಗಿಂತ ಚೆನ್ನಾಗಿ ಹಿಡಿಯುವವರು ಬೇಕೇ? ಆದರೆ ಇನ್ನೊಬ್ಬರ ಮನೆಯ ಸೊಸೆಯನ್ನು ಮುಟ್ಟಲು ಅವರಿಗೆ ಹೇಗೆ ಮನಸ್ಸು ಬಂದೀತು? ಅಷ್ಟೂ ಜನ ಸಾಲಾಗಿ ನಿಂತು ಬೆನ್ನು ತಿರುಗಿಸಿದರು. ಮರ್ಯಾದೆಗೆ. ಮಾದೇವ ಒಬ್ಬ ಬಂದು ನನ್ನ ಎಡಭುಜ ಹಿಡಿದ, ಒಂದೇ ಕೈಯಲ್ಲಿ. ಇನ್ನೊಂದರ ಬೆರಳು ಕಟ್ಟಿತ್ತು. ರತ್ನ ನನ್ನ ಒಳ್ಳೆಯ ಕಾಲಿನ ಮೇಲೆ ಕುಳಿತಳು. ಬಲಗಡೆ ಯಾರೂ ಇಲ್ಲ.

ಆಗ ನನ್ನ ಗಂಡ ಹೊಲದಿಂದ ಬಂದರು. ಹೆಗಲ ಮೇಲೆ ಒದ್ದೆ ಕಂಬಳಿ, ಕೈಯಲ್ಲಿ ಕುಡುಗೋಲು. ಅತ್ತೆ ಅವರ ತೋಳು ಹಿಡಿದು ಜಗ್ಗಿದರು.

"ನೋಡ್ಲಾ ನಿನ್ ಎಡ್ತಿ ಕೆಲ್ಸವ! ಎತ್ಕೊಂಡು ಒಳಕ್ಕೆ ಬಾ ಅವಳ್ನ. ಆ ಮೈಲ್ಗೆ ಮೆತ್ತುದ್ರೆ ನಾನು ಈ ಮನೇಲಿ ನೀರು ಮುಟ್ಟದಿಲ್ಲ!"

ಅವರು ನಿಂತರು. ಎಂದಿನಂತೆ ನಿಂತರು. ಒಂದು ಸಲ ಅವ್ವನ ಮುಖ, ಒಂದು ಸಲ ನನ್ನ ಕಾಲು. ಸೂರಿನ ನೀರು ನೋಡುತ್ತಾ ನಿಂತಿದ್ದ ಅದೇ ಮುಖ. ನನಗೆ ಎಲ್ಲಿತ್ತೋ ಸಿಟ್ಟು.

"ಎತ್ತದಾದ್ರೆ ಎತ್ತಿ. ಇಲ್ಲಾಂದ್ರೆ ಇಡ್ಕಳಿ. ನೋಡ್ಕಂಡ್ ನಿಂತ್ಕಬ್ಯಾಡಿ."

ಅವರು ಕುಡುಗೋಲು ಕೆಳಗಿಟ್ಟರು. ಕಂಬಳಿ ಮಡಿಸಿ ನನ್ನ ತಲೆಯ ಕೆಳಗಿಟ್ಟರು. ಮಂಡಿಯೂರಿ ಕುಳಿತು ನನ್ನ ಬಲಭುಜವನ್ನು ಎರಡೂ ಕೈಯಲ್ಲಿ ಅದುಮಿದರು. ಪ್ರೀತಿಯಿಂದ ಹಿಡಿದರು ಎಂದು ನಾನು ಹೇಳುವುದಿಲ್ಲ. ಹಿಡಿಯಲು ಒಬ್ಬರು ಕಡಿಮೆ ಬಿದ್ದಿದ್ದರು, ಹಿಡಿದರು. ಅಷ್ಟು ವರ್ಷದ ಸಂಸಾರದಲ್ಲಿ ನಾನು ಅವರನ್ನು ಕೇಳಿದ್ದು ಅದೊಂದೇ, ಅವರು ಅವ್ವನ ಕಣ್ಣೆದುರೇ ಮಾತು ಮೀರಿ ಮಾಡಿದ್ದೂ ಅದೊಂದೇ.

"ಉಸ್ರು ಕಟ್ಬ್ಯಾಡ ಕಣವ್ವ. ಬಾಯಿ ಆಡುಸ್ತಿರು. ಏನಾರ ಏಳ್ತಿರು" ಎಂದ ಕಾಳಯ್ಯ. ಬೇರೆಯವರಾಗಿದ್ದರೆ ಶಿವ ಶಿವಾ ಅನ್ನುತ್ತಿದ್ದರೇನೋ. ನಾನು ಅತ್ತೆಯನ್ನು ಬೈದೆ. ಅವರ ಅಪ್ಪನಿಂದ ಹಿಡಿದು, ಅವರ ಊರು, ಅವರ ಬಾವಿ, ಅವರು ಕೊಟ್ಟ ಕಷಾಯ, ಯಾವುದನ್ನೂ ಬಿಡಲಿಲ್ಲ. ನಡುವೆ ಎಲ್ಲೋ ಆ ಸದ್ದು ಬಂತು. ಈ ಸಲ ಒಣಕಟ್ಟಿಗೆಯ ಸದ್ದಲ್ಲ, ಹಸಿ ಕೊಂಬೆ ಮುರಿದಂತೆ. ಬೆನ್ನು ತಿರುಗಿಸಿ ನಿಂತಿದ್ದ ಹುಡುಗರಲ್ಲಿ ಒಬ್ಬ ಅಲ್ಲೇ ವಾಂತಿ ಮಾಡಿಕೊಂಡ. ನಾನು ಬೈಯುವುದನ್ನು ನಿಲ್ಲಿಸಲಿಲ್ಲ. ಕಾಳಯ್ಯ ಎಳೆದು ಕೂಡಿಸಿ, ಹಿಟ್ಟಿಗೆ ಮೊಟ್ಟೆಯ ಲೋಳೆ ಕಲಸಿ ಮೆತ್ತಿದ. ತಣ್ಣಗಿತ್ತು, ಅಂಟಂಟಾಗಿತ್ತು. ಒಂದು ಮನೆಯನ್ನೇ ಹೆದರಿಸಿದ್ದು ಇದೇನಾ ಅನ್ನಿಸಿತು.

ಎಲ್ಲ ಮುಗಿದ ಮೇಲೆ ನೋಡಿದರೆ ಅತ್ತೆ ಅಲ್ಲೇ ನಿಂತಿದ್ದರು. ಪೂರ್ತಿ ಕೇಳಿಸಿಕೊಂಡಿದ್ದರು. ಕೂಗಲಿಲ್ಲ. ತಣ್ಣಗೆ ಹೇಳಿದರು.

"ಆ ಕಟ್ಟು ಇರೋಗಂಟ ನನ್ ಒಸ್ಲು ದಾಟ್ಬ್ಯಾಡ. ಕೊಟ್ಟಿಗೇಲಿ ಬಿದ್ಕ. ಒಳಗೆ ಕೆಲ್ಸಕ್ಕೆ ಎಣ್ಣು ಬೇಕಲ್ಲ, ಒಕ್ಕಣೆಗಂಟ ಯಾಕೆ ಕಾಯದು? ನಮ್ಮಣ್ಣುಂಗೆ ನಾಳೆಯೇ ಏಳಿ ಕಳಿಸ್ತೀನಿ."

ರತ್ನ ನನ್ನ ಕಡೆ ನೋಡಿದಳು. ಮೂಳೆ ಕೂಡಿತ್ತು, ಮನೆ ಹೋಗಿತ್ತು.

ಕೊಟ್ಟಿಗೆಯಲ್ಲಿ ಹುಲ್ಲು ಹಾಸಿ ಮಲಗಿಸಿದರು. ಕತ್ತಲಾಗುವ ಮೊದಲು ಗಂಡ ಮುದ್ದೆ ತಂದಿಟ್ಟು ಅಲ್ಲೇ ನಿಂತರು. ಕೊನೆಗೆ ಕೇಳಿದರು, "ನೋಯ್ತದಾ?"

"ಇಲ್ಲ. ಕಚಗುಳಿ ಇಟ್ಟಂಗಾಯ್ತದ."

ಅವರು ಒಂದು ಚೊಂಬು ನೀರನ್ನೂ ತಂದಿಟ್ಟು ಹೋದರು. ಅಷ್ಟು ದಿನಗಳ ಮೇಲೆ ಮೊದಲ ಸಲ ಹೊಟ್ಟೆ ತುಂಬ ನೀರು ಕುಡಿದೆ. ಕೊಟ್ಟಿಗೆಯಲ್ಲಿ ಹಿತ್ತಲಿಗೆ ಹೋಗಲು ಯಾರನ್ನೂ ಕರೆಯಬೇಕಾಗಿರಲಿಲ್ಲ, ದನಗಳ ಗಂಜಲದ ಕಾಲುವೆ ಪಕ್ಕದಲ್ಲೇ ಇತ್ತು.

ಮಾರನೆಯ ಬೆಳಿಗ್ಗೆ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ರತ್ನ ಹಾಲು ಕರೆಯಲು ತಂಬಿಗೆ ಹಿಡಿದು ಬಂದಳು. ಅವಳ ಕಣ್ಣು ಊದಿಕೊಂಡಿದ್ದವು. ಅತ್ತೆ ಎದ್ದ ಕೂಡಲೇ ಮಾದೇವನನ್ನು ಹಾಸನೂರಿಗೆ ಕಳಿಸುವವರಿದ್ದರು.

"ತಂಬಿಗೆ ಕೊಡು ಇಲ್ಲಿ" ಅಂದೆ.

"ಅಕ್ಕ, ನಿನ್ ಕಾಲು..."

"ಕರೆಯದು ಕೈಲಿ ಕಮ್ಮಿ. ಕೊಡು. ಮೊದಲ್ನೇ ಬಸ್ಸಿಗೆ ನೀನು ಊರಿಗೋಗು. ನಿಮ್ಮಪ್ಪ ಕೇಳುದ್ರೆ, ಅಲ್ಲಿ ಕೆಲ್ಸ ಇಲ್ಲ ಅಂತ ಅಕ್ಕ ಕಳಿಸುದ್ಲು ಅನ್ನು. ಸುಳ್ಳಲ್ಲ, ನೋಡ್ಕ."

ಅವಳು ತಂಬಿಗೆ ಬಿಡಲಿಲ್ಲ. ನಾನು ಎಳೆದುಕೊಂಡೆ. ಕಟ್ಟಿದ ಕಾಲನ್ನು ಹಸುವಿನ ಹೊಟ್ಟೆಯ ಕೆಳಗೆ ಉದ್ದಕ್ಕೆ ಚಾಚಿ, ಗೋಡೆಗೆ ಒರಗಿ, ಕೆಚ್ಚಲಿಗೆ ಕೈ ಹಾಕಿದೆ. ಹಸು ಒಮ್ಮೆ ತಿರುಗಿ ನೋಡಿ ಸುಮ್ಮನಾಯಿತು. ರತ್ನಳ ಕೈಗೆ ಅದು ದಿನವೂ ಒದೆಯುತ್ತಿತ್ತು. ಕರೆಯುತ್ತಿರುವಾಗ ಅಂಗಳದಲ್ಲಿ ಟ್ರಂಕಿನ ಹಿಡಿ ಕಟಕಟ ಅಂದದ್ದು ಕೇಳಿಸಿತು. ಹೊತ್ತುಕೊಂಡು ಹೋಗುವವರ ಕೆಮ್ಮು ನನ್ನ ಗಂಡನದು.

ಅತ್ತೆ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತರು. ರಸ್ತೆಯ ಕಡೆ ನೋಡಿದರು, ನನ್ನ ಕಾಲಿನ ಕಟ್ಟು ನೋಡಿದರು, ತಂಬಿಗೆ ನೋಡಿದರು. ತಂಬಿಗೆಯ ಕಂಠದವರೆಗೂ ನೊರೆ ಎದ್ದಿತ್ತು. ನಾನು ಚಾಚಿದೆ.

"ಒಲೆ ಅಚ್ಚಿ ಅತ್ತೆ. ಇನ್ನೊಂದು ಪಾತ್ರೆ ಕೊಡಿ."

ಅವರು ಕೈ ಚಾಚುತ್ತಾರೋ ಇಲ್ಲವೋ ಎಂದು ನೋಡುತ್ತಾ ಕೂರಲಿಲ್ಲ. ತಂಬಿಗೆಯನ್ನು ಅವರ ಕಾಲ ಬಳಿ ಇಟ್ಟು, ಕುಂಡೆಯ ಮೇಲೆ ಜಾರಿ, ಎರಡನೆಯ ಹಸುವಿನ ಹತ್ತಿರ ಹೋದೆ.